ಗುಂಡ್ಲುಪೇಟೆಯ ಹೊಲಗಳಲ್ಲಿ ಮಳೆಗಾಲದಲ್ಲಿ ಅಷ್ಟೊಂದು ಸೂರ್ಯಕಾಂತಿ, ಚೆಂಡುಹೂವು ಯಾಕೆ?

ಮೊದಲ ಕಾರಣ ಮಳೆ. ಪಶ್ಚಿಮ ಘಟ್ಟ ದಾಟುವಷ್ಟರಲ್ಲಿ ಮುಂಗಾರಿನ ಮೋಡ ವಯನಾಡಿನಲ್ಲೇ ಬಹುಪಾಲು ಸುರಿದುಬಿಡುತ್ತದೆ. ಗುಂಡ್ಲುಪೇಟೆ ಇರುವುದು ಈಚೆ ಕಡೆ, ಮಳೆ ನೆರಳಿನಲ್ಲಿ. ಹಾಗಾಗಿ ಮಳೆ ನಂಬಿದ ಹೊಲಕ್ಕೆ ಕಡಿಮೆ ನೀರಿನ ಬೆಳೆಯೇ ಸರಿ. ಬೇಸಿಗೆಯ ಕೊನೆಯ ಮಳೆಗೆ ಬಿತ್ತಿದ ಸೂರ್ಯಕಾಂತಿ ಸುಮಾರು ಮೂರು ತಿಂಗಳಲ್ಲಿ ಕೊಯ್ಲಿಗೆ ಬರುತ್ತದೆ. ಜುಲೈ ಹೊತ್ತಿಗೆ ಹೊಲವೆಲ್ಲ ಹಳದಿ. ಬೋರ್‌ವೆಲ್ ಇದ್ದವರು ಬಾಳೆ, ಅರಿಶಿನ, ತರಕಾರಿ ಕಡೆ ಹೋಗುತ್ತಾರೆ.

ಚೆಂಡುಹೂವಿನ ಕಥೆ ಬೇರೆ. ಅದೆಲ್ಲ ಹಾರಕ್ಕೆ ಅಂದುಕೊಳ್ಳಬೇಡಿ. ಓಣಂ ಸಮಯದಲ್ಲಿ ಪೂಕಳಂ ಎಂಬ ಹೂವಿನ ರಂಗೋಲಿಗೆ ಕೇರಳಕ್ಕೆ ಒಂದಷ್ಟು ಹೋಗುತ್ತದೆ, ನಿಜ. ಆದರೆ ಬಹಳಷ್ಟು ಹೂವು ಕಂಪನಿಗಳ ಜೊತೆ ಮೊದಲೇ ಒಪ್ಪಂದ ಮಾಡಿಕೊಂಡು ಬೆಳೆದದ್ದು. ಅದರಿಂದ ಲ್ಯೂಟಿನ್ ಎಂಬ ಬಣ್ಣದ ಅಂಶ ತೆಗೆಯುತ್ತಾರೆ. ಕೋಳಿ ಆಹಾರಕ್ಕೆ ಸೇರಿಸಿದರೆ ಮೊಟ್ಟೆಯೊಳಗಿನ ಹಳದಿ ಭಾಗದ ಬಣ್ಣ ಗಾಢವಾಗುತ್ತದೆ. ಕಣ್ಣಿನ ಮಾತ್ರೆಗಳಿಗೂ ಇದೇ ಬಳಕೆ.

ನೋಡಲು ಹೋಗುವುದಾದರೆ ಜುಲೈ, ಆಗಸ್ಟ್ ಒಳ್ಳೆಯದು. ಬಂಡೀಪುರದ ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ, 2009ರಿಂದಲೂ ಇದೆ. ವಯನಾಡು, ಊಟಿ ಕಡೆಗೆ ಹೋಗುವವರು ಅದಕ್ಕೆ ತಕ್ಕಂತೆ ಹೊರಡಿ. ಫೋಟೋಗೆ ಹೊಲಕ್ಕೆ ಇಳಿಯುವ ಮುಂಚೆ ರೈತರನ್ನು ಕೇಳಿ. ಕೆಲವರು ಸ್ವಲ್ಪ ದುಡ್ಡು ಕೇಳುತ್ತಾರೆ, ಕೊಡಿ. ಗಿಡ ತುಳಿದರೆ ನಷ್ಟ ಅವರಿಗೇ ಅಲ್ವಾ?