.22 ರೈಫಲ್ ಸಪ್ರೆಸರ್‌ನ್ನು ಪದೇ ಪದೇ ಯಾಕೆ ಕ್ಲೀನ್ ಮಾಡಬೇಕು?

ಸಪ್ರೆಸರ್ ಅಂದರೆ ಗುಂಡಿನ ಸದ್ದು ತಗ್ಗಿಸಲು ನಳಿಗೆಯ ತುದಿಗೆ ಹಾಕುವ ಕೊಳವೆ. ದೊಡ್ಡ ರೈಫಲ್‌ಗಳ ಸಪ್ರೆಸರ್ ಎಷ್ಟೋ ದಿನ ಹಾಗೇ ನಡೆಯುತ್ತದೆ, ಸಣ್ಣ ಗುಂಡಿನ .22 ರೈಫಲ್‌ದು ಮಾತ್ರ ಬೇಗ ಕಟ್ಟಿಕೊಳ್ಳುತ್ತದೆ ಅಂತ ಅಮೆರಿಕದ ಶೂಟರ್‌ಗಳು ಗೊಣಗುವುದುಂಟು. ಕಾರಣ ಸೀಸ. .22 ಗುಂಡು ಹೆಚ್ಚಾಗಿ ಬರೀ ಸೀಸದ್ದು, ದಪ್ಪ ತಾಮ್ರದ ಕವಚ ಇರುವುದಿಲ್ಲ. ಗುಂಡು ಹಾರುವಾಗಿನ ಒತ್ತಡವೂ ಕಡಿಮೆ, ಹಾಗಾಗಿ ಕೊಳೆ ತಾನಾಗಿ ಹೊರಹೋಗುವುದಿಲ್ಲ. ಸೀಸ, ಮಸಿ, ಮೇಣ ಎಲ್ಲ ಸೇರಿ ಒಳಗಿನ, ನಡುವೆ ತೂತಿರುವ ತಡೆಬಿಲ್ಲೆಗಳಾದ ಬ್ಯಾಫಲ್‌ಗಳಿಗೆ ಮೆತ್ತಿಕೊಂಡು ಗಟ್ಟಿಯಾಗುತ್ತದೆ. ಕೆಲವು ನೂರು ಗುಂಡಿಗೊಮ್ಮೆ ಬಿಚ್ಚದಿದ್ದರೆ, ಆಮೇಲೆ ಬಿಚ್ಚುವುದೇ ದೊಡ್ಡ ಕೆಲಸ.

ಬ್ಯಾಫಲ್ ಯಾವ ಲೋಹದ್ದು ಅಂತ ಮೊದಲು ನೋಡಿ. ಸ್ಟೇನ್‌ಲೆಸ್ ಸ್ಟೀಲ್ ಆದರೆ ಸ್ಟೀಲ್ ಪಿನ್, ನೀರು, ಸೋಪು ಹಾಕಿ, ಲೋಹದ ಭಾಗಗಳನ್ನು ಉರುಳಿಸಿ ತೊಳೆಯುವ ಯಂತ್ರವಾದ ಟಂಬ್ಲರ್‌ನಲ್ಲಿ ತಿರುಗಿಸಬಹುದು. ಅಲ್ಯೂಮಿನಿಯಂ ಮೆದು. ಅದಕ್ಕೆ ಸಾಲ್ವೆಂಟ್ (ಕೊಳೆ ಕರಗಿಸುವ ದ್ರವ), ನೈಲಾನ್ ಬ್ರಷ್, ಜೊತೆಗೆ ತಾಳ್ಮೆ.

ವಿನೆಗರ್‌ಗೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ನೆನೆಸುವವರೂ ಇದ್ದಾರೆ. ಸೀಸ ಕರಗುತ್ತದೆ ನಿಜ. ಆದರೆ ಉಳಿಯುವ ನೀರಲ್ಲಿ ಲೆಡ್ ಅಸಿಟೇಟ್ ಇರುತ್ತದೆ. ಅದು ವಿಷ, ಚರ್ಮದ ಮೂಲಕವೂ ಒಳಗಿಳಿಯುತ್ತದೆ, ಸಿಂಕಿಗೆ ಸುರಿಯುವಂತಿಲ್ಲ. ಈ ಮಿಶ್ರಣ ಅಲ್ಯೂಮಿನಿಯಂನ್ನೂ ತಿನ್ನುತ್ತದೆ. ಸುಮ್ನೆ ಯಾಕೆ ಬೇಕು ಅಲ್ವಾ?

ಗ್ಲೌಸ್ ಹಾಕಿಕೊಳ್ಳಿ. ಒಣ ಬ್ರಷ್‌ನಿಂದ ಉಜ್ಜಬೇಡಿ, ಸೀಸದ ಧೂಳು ಏಳುತ್ತದೆ. ಜೋಡಿಸುವಾಗ ಬ್ಯಾಫಲ್‌ಗೆ ತೆಳುವಾಗಿ ಸಿಲಿಕೋನ್ ಎಣ್ಣೆ ಸವರಿದರೆ ಮುಂದಿನ ಸಲ ಕೊಳೆ ಸಲೀಸಾಗಿ ಬಿಡುತ್ತದೆ. ರೈಫಲ್‌ಗೆ ತಿರುಗಿಸಿ ಹಾಕುವ ಮುನ್ನ ಬ್ಯಾಫಲ್‌ಗಳ ತೂತು ಒಂದೇ ಸಾಲಿನಲ್ಲಿದೆಯಾ ನೋಡಿ. ಬ್ಯಾಫಲ್ ಓರೆಯಾಗಿದ್ದರೆ ಗುಂಡು ತಗುಲಿ ಸಪ್ರೆಸರ್ ಹಾಳಾಗುತ್ತದೆ.