ಅಜ್ಜನ ರ‍್ಯಾಲಿ ಸೈಕಲ್ ತುಳಿಯಿರಿ, ಮಳೆಗಾಲ ಬಿಟ್ಟು

ಅಜ್ಜ ತರಿಸಿದ್ದ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ರ‍್ಯಾಲಿ ಸೈಕಲ್ ಉಡುಪಿ ಮನೆಯ ಅಟ್ಟದಲ್ಲಿ ಹೊಸದರಂತೆಯೇ ಇದೆ, ತುಳಿಯಲೋ ಹಾಗೇ ಇಡಲೋ ಎಂದು ಕೇಳಿದ್ದೀರಿ. ತುಳಿಯಿರಿ.

ನಮ್ಮ ಕರಾವಳಿಯಲ್ಲಿ ಸುಮ್ನೆ ಇಟ್ಟ ಕಬ್ಬಿಣ ಉಳಿಯುವುದಿಲ್ಲ. ನಮ್ಮಪ್ಪನ ಸೈಕಲ್ಲಿಗೆ ಪ್ಲಾಸ್ಟಿಕ್ ಸುತ್ತಿ ಮೂಲೆಯಲ್ಲಿಟ್ಟಿದ್ದೆವು. ಎರಡು ಮಳೆಗಾಲ ಕಳೆದು ಬಿಚ್ಚಿದರೆ ರಿಮ್ಮಿನ ಕ್ರೋಮ್ ಗುಳ್ಳೆ ಎದ್ದು ಉದುರುತ್ತಿತ್ತು. ಒಳಗಿನ ತೇವಕ್ಕೆ ಹೊರಬರಲು ದಾರಿಯೇ ಇರಲಿಲ್ಲ. ಇವತ್ತಿಗೂ ಹೊಟ್ಟೆ ಉರಿಯುತ್ತದೆ. ನೀವು ಹತ್ತಿ ಬಟ್ಟೆ ಹೊದಿಸಿ.

ಮೊದಲು ಹಿಂದಿನ ಚಕ್ರದ ಹಬ್, ಅಂದರೆ ನಡುವಿನ ಗುಂಬ, ನೋಡಿ. ಸ್ಟರ್ಮಿ ಆರ್ಚರ್ ಕಂಪನಿಯ ಮೂರು ಗೇರಿನ ಎಡಬ್ಲ್ಯೂ (AW) ಮಾದರಿಯ ಹಬ್ ಆಗಿದ್ದರೆ ಅದರ ಮೇಲೆ ಅಂಕಿಗಳು ಒತ್ತಿರುತ್ತವೆ. 56 ಎಂದಿದ್ದರೆ 1956ರಲ್ಲಿ ಮಾಡಿದ್ದು. ಸೈಕಲ್ಲಿನ ವಯಸ್ಸು ಹೆಚ್ಚು ಕಡಿಮೆ ಅಲ್ಲೇ ಸಿಗುತ್ತದೆ! ಪಕ್ಕದ ಪುಟ್ಟ ಮುಚ್ಚಳ ತೆಗೆದು ತೆಳು ಮೆಷಿನ್ ಎಣ್ಣೆ ಕೆಲವು ಹನಿ ಬಿಡಿ. ತೆಂಗಿನೆಣ್ಣೆ ಖಂಡಿತ ಬೇಡ, ಒಳಗೆ ಅಂಟಾಗುತ್ತದೆ.

ಹಳೆಯ ಟೈರ್ ಮೇಲೆ ಮಾತ್ರ ಕೂರಬೇಡಿ. ರಬ್ಬರ್ ಬಿರಿದಿರುತ್ತದೆ. ಬಿಚ್ಚಿ ಜೋಪಾನವಾಗಿ ಇಡಿ. 28 ಇಂಚಿನದಾದರೆ ಹೊಸ ಟೈರ್ ನಮ್ಮ ಅಂಗಡಿಗಳಲ್ಲೇ ಸಿಗುತ್ತದೆ. ಬ್ರೇಕಿನ ರಬ್ಬರೂ ಬದಲಿಸಿ. ಪೇಂಟ್, ಚಿನ್ನದ ಗೆರೆಗಳನ್ನು ಮುಟ್ಟಲೇಬೇಡಿ. ಒಮ್ಮೆ ಹೋದರೆ ಹೋಯಿತು, ಅಲ್ವಾ?

ಡಿಸೆಂಬರ್ ಬೆಳಗ್ಗೆ ರಥಬೀದಿಗೆ ಒಂದು ಸುತ್ತು ಸಾಕು. ಮಲ್ಪೆ ಕಡೆ ಹೋದರೆ ಮನೆಗೆ ಬಂದ ತಕ್ಷಣ ಒದ್ದೆ ಬಟ್ಟೆಯಲ್ಲಿ ಉಪ್ಪು ಒರೆಸಿ, ಆಮೇಲೆ ಒಣ ಬಟ್ಟೆಯಲ್ಲಿ.