ಮೆನು ಬದಿಗಿಡಿ, ಚಾರ್ಟ್ ಹಿಡಿಯಿರಿ

ನಮಸ್ಕಾರ.

ಸ್ಪ್ರೆಡ್‌ಶೀಟ್ ಚಾರ್ಟ್‌ಗಳಿಗೆ ಶೀರ್ಷಿಕೆ, ಲೇಬಲ್ ಹಾಕುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡುವ ವಿಷಯವೂ ಅಲ್ಲ. ಶಾಲೆಯ ಫಲಿತಾಂಶ, ಪಂಚಾಯಿತಿಯ ಲೆಕ್ಕ, ಹಾಲು ಉತ್ಪಾದಕರ ಸಂಘದ ವಾರ್ಷಿಕ ವರದಿ, ಎಲ್ಲದರಲ್ಲೂ ಈಗ ಚಾರ್ಟ್ ಇರುತ್ತದೆ. ಅದನ್ನು ಓದುವಂತೆ ಮಾಡುವುದು ಹೇಗೆಂದು ಕನ್ನಡದಲ್ಲಿ ಹೇಳಿಕೊಡುವವರು ಕಡಿಮೆ. ನೀವು ಆ ಕೆಲಸಕ್ಕೆ ಕೈಹಾಕಿದ್ದೀರಿ ಎಂಬ ಕಾರಣಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಲೇಖನದ ದೊಡ್ಡ ತೊಂದರೆ ಇದು: ಎಕ್ಸೆಲ್‌ನ ಮೆನುವನ್ನು ನೀವು ಮೇಲಿಂದ ಕೆಳಗೆ ಓದಿ ಹೇಳಿದ್ದೀರಿ. ಅಬವ್ ಚಾರ್ಟ್ ಒತ್ತಿದರೆ ಶೀರ್ಷಿಕೆ ಮೇಲೆ ಬರುತ್ತದೆ, ಸೆಂಟರ್ಡ್ ಓವರ್‌ಲೇ ಒತ್ತಿದರೆ ಚಾರ್ಟಿನ ಮೇಲೇ ಕೂರುತ್ತದೆ ಎಂದಿದ್ದೀರಿ. ಎರಡೂ ನಿಜ. ಯಾವುದನ್ನು ಯಾವಾಗ ಒತ್ತಬೇಕು ಎಂಬುದು ಮಾತ್ರ ಎಲ್ಲೂ ಇಲ್ಲ. ಓವರ್‌ಲೇ ಆರಿಸಿದರೆ ಪ್ಲಾಟ್ ಏರಿಯಾ, ಅಂದರೆ ಕಂಬಗಳು ನಿಲ್ಲುವ ಜಾಗ, ಶೀರ್ಷಿಕೆಗೆಂದು ಕುಗ್ಗುವುದಿಲ್ಲ. ಎತ್ತರದ ಕಂಬವಿದ್ದರೆ ಶೀರ್ಷಿಕೆ ಅದರ ತಲೆಯ ಮೇಲೇ ಬೀಳುತ್ತದೆ. ಓದುಗರಿಗೆ ಬೇಕಾದದ್ದು ಈ ವಾಕ್ಯ.

ಕೊನೆಯಲ್ಲಿ ನೀವೊಂದು ಚಿತ್ರ ಅಂಟಿಸಿದ್ದೀರಿ: 2011ರ ಜನಗಣತಿಯ ಪ್ರಕಾರ ಕರ್ನಾಟಕದ 30 ಜಿಲ್ಲೆಗಳ ಸಾಕ್ಷರತೆ. ಲೇಖನದಲ್ಲಿ ಅದರ ಮಾತೇ ಇಲ್ಲ. ನನಗೋ ಲೇಖನಕ್ಕಿಂತ ಆ ಚಿತ್ರದ ಮೇಲೇ ಕಣ್ಣು ನಿಂತಿತು, ಏಕೆಂದರೆ ನೀವು ವಿವರಿಸಹೊರಟ ತೊಡಕುಗಳೆಲ್ಲ ಅದರಲ್ಲೇ ಇವೆ. ಅದನ್ನೇ ಮೊದಲಿಗೆ ತನ್ನಿ. ಒಂದೊಂದೇ ಸರಿಮಾಡುತ್ತಾ ಹೋಗಿ, ಅಗತ್ಯ ಬಿದ್ದಾಗ ಮಾತ್ರ ಮೆನುವಿನ ಹೆಸರು ಹೇಳಿ.

ಶೀರ್ಷಿಕೆಯಿಂದಲೇ ಶುರುಮಾಡೋಣ. ಚಿತ್ರದ ನೆತ್ತಿಯಲ್ಲಿ ‘ಸಾಕ್ಷರತೆ’ ಎಂದಷ್ಟೇ ಇದೆ. ಅದು ನೀವು ಕೊಟ್ಟ ಶೀರ್ಷಿಕೆ ಅಲ್ಲ ಎಂದು ನೋಡಿದರೇ ಗೊತ್ತಾಗುತ್ತದೆ. ಒಂದೇ ಸೀರೀಸ್ (ಅಂಕಿಗಳ ಒಂದೇ ಸಾಲು) ಇದ್ದಾಗ ಕಾಲಂನ ತಲೆಬರಹವನ್ನೇ ಎಕ್ಸೆಲ್ ಎತ್ತಿ ಹಾಕುತ್ತದೆ. ಯಾವ ವರ್ಷದ್ದು, ಯಾರದ್ದು, ಶೇಕಡಾವಾರೋ ಸಂಖ್ಯೆಯೋ, ಯಾವುದೂ ತಿಳಿಯುವುದಿಲ್ಲ. ‘ಸಾಕ್ಷರತೆ: ದಕ್ಷಿಣ ಕನ್ನಡದಲ್ಲಿ ಶೇ. 88.57, ಯಾದಗಿರಿಯಲ್ಲಿ ಶೇ. 51.83’ ಎಂದು ಬರೆದು, ಕೆಳಗೆ ಸಣ್ಣಕ್ಷರದಲ್ಲಿ ‘2011ರ ಜನಗಣತಿ, 7 ವರ್ಷ ಮತ್ತು ಮೇಲ್ಪಟ್ಟವರು’ ಎಂದು ಹಾಕಿ ನೋಡಿ. ಚಾರ್ಟ್ ತೆರೆದವರು ಏನನ್ನು ಗಮನಿಸಬೇಕೋ ಅದು ಮೊದಲ ನೋಟಕ್ಕೇ ಸಿಗುತ್ತದೆ. ಇಷ್ಟಾದ ಮೇಲೆ ಶೀರ್ಷಿಕೆ ನಡುವೆ ಇರಲಿ, ಎಡಕ್ಕೆ ಎಳೆದಿಡಲಿ, ಅದು ಅಷ್ಟು ದೊಡ್ಡ ವಿಷಯವಲ್ಲ. ನಾನಾದರೆ ಎಡಕ್ಕೆ ಇಡುತ್ತೇನೆ. ಕನ್ನಡ ಓದುವ ಕಣ್ಣು ಅಲ್ಲಿಂದಲೇ ಹೊರಡುವುದು.

ಆ ಎರಡನೆಯ ಸಾಲು ಹಾಕುವುದು ಹೇಗೆ ಎಂಬುದನ್ನು ಬಿಡಿಸಿ ಹೇಳಿ, ಹೊಸಬರು ಎಡವುವುದು ಇಲ್ಲಿ. ಎಕ್ಸೆಲ್‌ನಲ್ಲಿ ಉಪಶೀರ್ಷಿಕೆಗೆ ಬೇರೆ ಜಾಗವಿಲ್ಲ. ಶೀರ್ಷಿಕೆಯನ್ನು ಒಮ್ಮೆ ಕ್ಲಿಕ್ ಮಾಡಿದರೆ ಪೆಟ್ಟಿಗೆ ಆಯ್ಕೆಯಾಗುತ್ತದೆ, ಇನ್ನೊಮ್ಮೆ ಕ್ಲಿಕ್ ಮಾಡಿದರೆ ಒಳಗೆ ಕರ್ಸರ್ ಬರುತ್ತದೆ. ಕರ್ಸರ್ ಒಳಗಿದ್ದಾಗ ಎಂಟರ್ ಒತ್ತಿದರೆ ಹೊಸ ಸಾಲು. ಆ ಸಾಲನ್ನಷ್ಟೇ ಸೆಲೆಕ್ಟ್ ಮಾಡಿ ಅಕ್ಷರ ಚಿಕ್ಕದು ಮಾಡಬಹುದು. ಬರೀ ಪೆಟ್ಟಿಗೆ ಆಯ್ಕೆಯಾಗಿರುವಾಗ ಫಾರ್ಮುಲಾ ಬಾರ್‌ನಲ್ಲಿ = ಹಾಕಿ, ಒಂದು ಸೆಲ್ ಕ್ಲಿಕ್ ಮಾಡಿ ಎಂಟರ್ ಒತ್ತಿದರೆ ಆ ಸೆಲ್‌ನಲ್ಲಿರುವುದೇ ಶೀರ್ಷಿಕೆಯಾಗುತ್ತದೆ; ಸೆಲ್ ಬದಲಾದರೆ ಶೀರ್ಷಿಕೆಯೂ ಬದಲಾಗುತ್ತದೆ. ಪ್ರತಿ ತಿಂಗಳೂ ಅದೇ ವರದಿ ಮಾಡುವವರಿಗೆ ಇದರಷ್ಟು ಉಪಯೋಗದ್ದು ಮತ್ತೊಂದಿಲ್ಲ, ಆದರೆ ನಿಮ್ಮ ಲೇಖನದಲ್ಲಿ ಇದು ಇಲ್ಲವೇ ಇಲ್ಲ. ಇದರ ಮಿತಿಗಳನ್ನೂ ಹೇಳಿ. ಅಲ್ಲಿ ಸೆಲ್‌ನ ವಿಳಾಸವನ್ನಷ್ಟೇ ಕೊಡಬಹುದು, & ಹಾಕಿ ಪದ ಜೋಡಿಸುವ ಫಾರ್ಮುಲಾವನ್ನು ಸೆಲ್‌ನಲ್ಲೇ ಬರೆದುಕೊಳ್ಳಬೇಕು. ಹೀಗೆ ಸೆಲ್‌ಗೆ ಜೋಡಿಸಿದ ಶೀರ್ಷಿಕೆಯ ಒಂದು ಭಾಗವನ್ನು ಮಾತ್ರ ಚಿಕ್ಕದು ಮಾಡಲು ಬರುವುದಿಲ್ಲ. ಸೆಲ್‌ನ ಜೋಡಣೆ, ಚಿಕ್ಕಕ್ಷರದ ಎರಡನೆಯ ಸಾಲು ಎರಡೂ ಬೇಕೆಂದರೆ, ಚಾರ್ಟನ್ನು ಆಯ್ಕೆ ಮಾಡಿಕೊಂಡು ಅದರೊಳಗೆ ಒಂದು ಟೆಕ್ಸ್ಟ್ ಬಾಕ್ಸ್ ಹಾಕಿ, ಅದನ್ನೂ ಇದೇ ರೀತಿ ಬೇರೊಂದು ಸೆಲ್‌ಗೆ ಜೋಡಿಸಬೇಕು.

ಎರಡು ಕಡೆ ನೀವು ಬರೆದದ್ದು ತಪ್ಪು. ಚಾರ್ಟ್ ಟೂಲ್ಸ್‌ನ ಲೇಔಟ್ ಟ್ಯಾಬ್ ಇದ್ದದ್ದು ಎಕ್ಸೆಲ್ 2007 ಮತ್ತು 2010ರಲ್ಲಿ. 2013ರಿಂದ ಅದು ಹೋಯಿತು. ಈಗ ಚಾರ್ಟಿನ ಪಕ್ಕದ ಪ್ಲಸ್ ಗುರುತು ಒತ್ತಬೇಕು. ಎರಡನೆಯದು, ಶೀರ್ಷಿಕೆಯ ಪೆಟ್ಟಿಗೆಯನ್ನು ಮೂಲೆ ಹಿಡಿದು ಹಿಗ್ಗಿಸಬಹುದು ಎಂದಿದ್ದೀರಿ. ಹಿಗ್ಗಿಸಲು ಆಗುವುದಿಲ್ಲ, ಎಳೆದರೆ ಪೆಟ್ಟಿಗೆ ಸರಿಯುತ್ತದೆ ಅಷ್ಟೇ. ಬರೆಯುವಾಗ ಪಕ್ಕದಲ್ಲಿ ಎಕ್ಸೆಲ್ ತೆರೆದಿಟ್ಟುಕೊಂಡು ಪ್ರತಿ ಹೆಜ್ಜೆಯನ್ನೂ ಮಾಡಿ ನೋಡಿ. ನಿಮ್ಮನ್ನು ನಂಬಿ ಓದುವವರು ಇಲ್ಲದ ಬಟನ್ ಹುಡುಕುತ್ತಾ ಕೂರಬಾರದು.

ಇನ್ನು ಜಿಲ್ಲೆಗಳ ಹೆಸರು. ನಿಮ್ಮ ಚಿತ್ರದಲ್ಲಿ ಅವು ಓರೆಯಾಗಿ ನಿಂತಿವೆ, ಒಂದು ಬಿಟ್ಟು ಒಂದು ಮಾಯವಾಗಿವೆ. ಯಾದಗಿರಿಯ ಕಂಬವಿದೆ, ಹೆಸರಿಲ್ಲ. ಜಾಗ ಸಾಲದಾಗ ಎಕ್ಸೆಲ್ ತಾನಾಗಿಯೇ ಹೀಗೆ ಮಾಡುತ್ತದೆ. ಫಾರ್ಮ್ಯಾಟ್ ಆಕ್ಸಿಸ್‌ನ ಲೇಬಲ್ಸ್‌ನಲ್ಲಿ ಇಂಟರ್ವಲ್ ಯೂನಿಟ್ 1 ಎಂದು ಕೊಟ್ಟರೆ ಎಲ್ಲ ಹೆಸರೂ ಬರುತ್ತವೆ, ಆದರೆ ‘ಬೆಂಗಳೂರು ಗ್ರಾಮಾಂತರ’ವನ್ನು ಕತ್ತು ವಾಲಿಸಿಯೇ ಓದಬೇಕು. ಕಂಬಗಳು ನಿಲ್ಲುವ ಕಾಲಂ ಚಾರ್ಟ್ ಬಿಟ್ಟು, ಪಟ್ಟಿಗಳು ಅಡ್ಡ ಮಲಗುವ ಬಾರ್ ಚಾರ್ಟ್ ಮಾಡಿ, ಎತ್ತರ ಧಾರಾಳವಾಗಿ ಕೊಡಿ. ಹೆಸರುಗಳು ನೆಟ್ಟಗೆ ಅಡ್ಡಡ್ಡ ಬರುತ್ತವೆ. ಹಾಗೆ ಮಾಡಿದ ಕೂಡಲೇ ಹಾಳೆಯ ಮೊದಲ ಸಾಲು ಚಾರ್ಟಿನ ತಳಕ್ಕೆ ಹೋಗುತ್ತದೆ. ಕೆಟಗರೀಸ್ ಇನ್ ರಿವರ್ಸ್ ಆರ್ಡರ್ ಎಂಬಲ್ಲಿ ಟಿಕ್ ಹಾಕಿದರೆ ಸರಿ. ಆಗ ಅಂಕಿಗಳ ಅಕ್ಷ ಮೇಲಕ್ಕೆ ಹಾರುತ್ತದೆ. ಹಾರಲಿ ಬಿಡಿ, ಪ್ರತಿ ಪಟ್ಟಿಯ ತುದಿಯಲ್ಲೂ ಅದರ ಅಂಕಿ ತೋರಿಸುವ ಡೇಟಾ ಲೇಬಲ್ ಇದ್ದರೆ ಅಕ್ಷವೂ ಹಿಂದಿನ ಗ್ರಿಡ್‌ಲೈನ್‌ಗಳೂ ಬೇಕಾಗಿಲ್ಲ, ಎರಡನ್ನೂ ಡಿಲೀಟ್ ಮಾಡಬಹುದು.

ಡೇಟಾ ಲೇಬಲ್‌ಗೆ ಔಟ್‌ಸೈಡ್ ಎಂಡ್, ಅಂದರೆ ಪಟ್ಟಿಯ ತುದಿಯ ಹೊರಗೆ, ಸಾಕು. ಒಂದೇ ಪಟ್ಟಿಯಲ್ಲಿ ಹಲವು ಭಾಗ ಪೇರಿಸುವ ಸ್ಟ್ಯಾಕ್ಡ್ ಚಾರ್ಟ್‌ನಲ್ಲಿ ಆ ಆಯ್ಕೆ ಸಿಗುವುದಿಲ್ಲ ಎಂದು ಒಂದು ಮಾತು ಸೇರಿಸಿ. ಮೈನಸ್ ಅಂಕಿಗಳಿರುವ ಚಾರ್ಟ್ ಬಗ್ಗೆಯೂ ಎರಡು ಸಾಲು ಬೇಕು, ವಾಡಿಕೆಗಿಂತ ಮಳೆ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂಬಂಥದ್ದು. ಅಲ್ಲಿ ಹೆಸರುಗಳು ಪಟ್ಟಿಗಳ ಮೇಲೇ ಬೀಳುತ್ತವೆ. ಲೇಬಲ್ ಪೊಸಿಷನ್ ಅನ್ನು ಲೋ ಮಾಡಿದರೆ ಅಂಚಿಗೆ ಸರಿಯುತ್ತವೆ. ಹಣದ ಚಾರ್ಟ್ ಆದರೆ ಡಿಸ್‌ಪ್ಲೇ ಯೂನಿಟ್ಸ್‌ನಲ್ಲಿ 100000, 10000000 ಎರಡೂ ಇವೆ, ನಮ್ಮ ಲಕ್ಷ, ಕೋಟಿಗೆ ಹೇಳಿ ಮಾಡಿಸಿದಂತೆ. ಅದರ ಲೇಬಲ್ ತಿದ್ದಿ ‘ಲಕ್ಷ ರೂ.ಗಳಲ್ಲಿ’ ಎಂದು ಬರೆಯಬಹುದು.

ನೀವು ಪೂರ್ತಿ ಬಿಟ್ಟಿರುವುದು ಕನ್ನಡ ಅಕ್ಷರಗಳ ಸಂಗತಿ, ಕನ್ನಡದ ಲೇಖನಕ್ಕೆ ಅದು ಬೇಕೇ ಬೇಕು. ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಬೆರಳಚ್ಚಿಸಿದ ಶೀರ್ಷಿಕೆ, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲೇ ಬರೆಯಿರಿ ಎಂದು ಒತ್ತಿ ಹೇಳಿ. ಲಿಬ್ರೆಆಫೀಸ್ ಕ್ಯಾಲ್ಕ್ ಬಳಸುವವರಿಗೆ ಇನ್ನೊಂದು ಎಚ್ಚರಿಕೆ: ಅಲ್ಲಿ ಕನ್ನಡ ಸಿಟಿಎಲ್ (ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್) ಲಿಪಿಗಳ ಗುಂಪಿಗೆ ಸೇರುತ್ತದೆ. ವೆಸ್ಟರ್ನ್ ಫಾಂಟ್‌ನ ಗಾತ್ರ ಎಷ್ಟು ಹೆಚ್ಚಿಸಿದರೂ ಕನ್ನಡದ ಶೀರ್ಷಿಕೆ ಇದ್ದಷ್ಟೇ ಇರುತ್ತದೆ, ಸಿಟಿಎಲ್ ಫಾಂಟ್‌ನದ್ದನ್ನು ಬದಲಿಸಬೇಕು. ಗೂಗಲ್ ಶೀಟ್ಸ್‌ಗೆ ಒಂದು ಪ್ಯಾರಾ ಸಾಕು. ಕಸ್ಟಮೈಸ್‌ನ ಚಾರ್ಟ್ ಆಂಡ್ ಆಕ್ಸಿಸ್ ಟೈಟಲ್ಸ್‌ನಲ್ಲಿ ಉಪಶೀರ್ಷಿಕೆಗೂ ಬೇರೆ ಜಾಗವಿದೆ ಎಂದು ಹೇಳಿದರಾಯಿತು.

3ಡಿ ಪೈ ಚಾರ್ಟ್ ಬಗೆಗಿನ ಭಾಗ ತೆಗೆದುಹಾಕಿ. ಪೀಠಿಕೆಯ ‘ಇಂದಿನ ಮಾಹಿತಿ ಯುಗದಲ್ಲಿ’ ಎಂಬ ಪ್ಯಾರಾವೂ ಬೇಡ. ನಿಮ್ಮ ವಾಕ್ಯಗಳು ಚಿಕ್ಕವು, ನೇರವಾಗಿವೆ. ಅದನ್ನು ಹಾಗೇ ಉಳಿಸಿಕೊಳ್ಳಿ. ತಿದ್ದಿದ ಲೇಖನದ ಜೊತೆ ಮೊದಲಿನ ಚಾರ್ಟ್, ಸರಿಮಾಡಿದ ಚಾರ್ಟ್ ಎರಡರ ಚಿತ್ರವನ್ನೂ, ಎಕ್ಸೆಲ್ ಫೈಲನ್ನೂ ಕಳಿಸಿ. ಹೆಜ್ಜೆಗಳನ್ನು ನಾನೂ ಒಂದೊಂದಾಗಿ ಮಾಡಿ ನೋಡಿಯೇ ಮುಂದಿನ ಮಾತು ತಿಳಿಸುತ್ತೇನೆ.

ಸಂಪಾದಕ